ಅಸಲು ಎಷ್ಟಿತ್ತು? ಯುಎಚ್‌ಝಡ್‌1 ಕಪ್ಪುಕುಳಿಯ ಒಂದು ಪ್ರಕರಣ ಅಧ್ಯಯನ

ಪ್ರಕರಣ

ಶಿಲ್ಪಿ ನಕ್ಷತ್ರಪುಂಜದ ದಿಕ್ಕಿನಲ್ಲಿ, ಸುಮಾರು 350 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಅಬೆಲ್ 2744 ಎಂಬ ಗ್ಯಾಲಕ್ಸಿಗಳ ದೊಡ್ಡ ಸಮೂಹವಿದೆ. ಅದರ ಗುರುತ್ವ ಎಷ್ಟು ಬಲವಾದದ್ದೆಂದರೆ, ಹಿಂದಿನಿಂದ ಬರುವ ಬೆಳಕು ಅಲ್ಲಿ ಬಾಗಿ, ಹಿಗ್ಗಿ ನಮ್ಮ ಕಡೆ ಬರುತ್ತದೆ. ಹಾಗೆ ಸುಮಾರು ನಾಲ್ಕು ಪಟ್ಟು ಹಿಗ್ಗಿ ಕಂಡ ಚುಕ್ಕೆಗಳಲ್ಲಿ ಒಂದಕ್ಕೆ ಯುಎಚ್‌ಝಡ್‌1 ಎಂದು ಹೆಸರು. ಜೇಮ್ಸ್ ವೆಬ್ ದೂರದರ್ಶಕ ಅದರ ಅವಕೆಂಪು ಬೆಳಕನ್ನು ಹಿಡಿಯಿತು. ರೋಹಿತ ತೆಗೆದು ನೋಡಿದಾಗ ಕೆಂಪುಪಲ್ಲಟ (ವಿಶ್ವ ಹಿಗ್ಗಿದಂತೆ ಬೆಳಕಿನ ಅಲೆ ಉದ್ದವಾಗಿ ಕೆಂಪಿನ ಕಡೆ ಸರಿದ ಪ್ರಮಾಣ) 10ರ ಆಸುಪಾಸು. ಅಂದರೆ ಮಹಾಸ್ಫೋಟವಾಗಿ 47 ಕೋಟಿ ವರ್ಷ ಕಳೆದಾಗ ಆ ಗ್ಯಾಲಕ್ಸಿ ಹೇಗಿತ್ತೋ ಹಾಗೆ ಈಗ ನಮಗೆ ಕಾಣುತ್ತಿದೆ. ವಿಶ್ವದ ಇಂದಿನ ವಯಸ್ಸು 1,380 ಕೋಟಿ ವರ್ಷ.

ಚಂದ್ರಾ ಎಕ್ಸ್-ರೇ ದೂರದರ್ಶಕವನ್ನು ಒಟ್ಟು ಎರಡು ವಾರದಷ್ಟು ಹೊತ್ತು ಅದೇ ದಿಕ್ಕಿಗೆ ತಿರುಗಿಸಿಟ್ಟಾಗ ಅಲ್ಲಿಂದ ಕೆಲವೇ ಕೆಲವು ಎಕ್ಸ್-ರೇ ಫೋಟಾನ್‌ಗಳು ಸಿಕ್ಕವು. ಅಷ್ಟು ದೂರದಿಂದ ಅಷ್ಟಾದರೂ ಬರಬೇಕೆಂದರೆ ಮೂಲ ಬಹಳ ಪ್ರಖರವಾಗಿರಬೇಕು. ಬರಿಯ ನಕ್ಷತ್ರಗಳಿಂದ ಅದು ಆಗದು. ಅನಿಲ ನುಂಗುತ್ತಿರುವ ಕಪ್ಪುಕುಳಿಯೊಂದು ಅಲ್ಲಿದೆ ಎಂದು ಆಕೋಸ್ ಬೊಗ್ಡಾನ್ ಮತ್ತು ಸಂಗಡಿಗರು 2023ರ ನವೆಂಬರಿನಲ್ಲಿ ಪ್ರಕಟಿಸಿದರು. ತೂಕ ಒಂದು ಕೋಟಿಯಿಂದ ಹತ್ತು ಕೋಟಿ ಸೂರ್ಯರಷ್ಟು.

ನಮ್ಮ ಆಕಾಶಗಂಗೆಯ ನಡುವಿನ ಕಪ್ಪುಕುಳಿ 43 ಲಕ್ಷ ಸೂರ್ಯರಷ್ಟಿದೆ. ಅದಕ್ಕೆ ಬೆಳೆಯಲು ಸಾವಿರ ಕೋಟಿ ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿತ್ತು. ಯುಎಚ್‌ಝಡ್‌1 ಅಷ್ಟು ಬೇಗ ಅಷ್ಟು ದೊಡ್ಡದಾದದ್ದು ಹೇಗೆ? ಪ್ರಕರಣ ಇದು.

ಶಿವಮೊಗ್ಗಕ್ಕೆ ಇದು ಬಂದ ಬಗೆ

ನಾನು ಶಿವಮೊಗ್ಗದ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಅಂತಿಮ ವರ್ಷದವರು ಒಂದು ಪ್ರಾಜೆಕ್ಟ್ ಮಾಡಬೇಕು. ಖಗೋಳ ಬೇಕು ಅನ್ನುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ, ಆದರೆ ಜೂನ್‌ನಿಂದ ದಸರಾ ತನಕ ಮಲೆನಾಡಿನಲ್ಲಿ ಆಕಾಶ ಎನ್ನುವುದು ಇರುವುದೇ ಇಲ್ಲ. ಆಗುಂಬೆ ಕಡೆಯ ಹುಡುಗನಿಗೆ ದೂರದರ್ಶಕ ಕೊಟ್ಟು ಶನಿಯ ಬಳೆ ನೋಡಿಕೊಂಡು ಬಾ ಎಂದರೆ ಅವನು ಮರ್ಯಾದೆಗೆ ನಗದೆ ಸುಮ್ಮನಿರುತ್ತಾನೆ, ಅಷ್ಟೆ. ಹಾಗಾಗಿ ನಾನು ಕೊಡುವುದು ಕಾಗದದ ಮೇಲೆ ಮಾಡಬಹುದಾದ ಖಗೋಳ: ಪ್ರಕಟವಾದ ಅಳತೆಗಳನ್ನು ತೆಗೆದುಕೊ, ಲೆಕ್ಕ ಹಾಕು, ಆ ಲೆಕ್ಕ ಎಲ್ಲಿ ಮುರಿಯುತ್ತದೆ ನೋಡು.

ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿ ಯುಎಚ್‌ಝಡ್‌1 ಆರಿಸಿಕೊಂಡಳು. ಅವಳ ಅಜ್ಜಯ್ಯ ಊರಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ಅಡಿಕೆ ಸಾಲ, ಬೆಳೆ ಸಾಲ, ಅಸಲು, ಬಡ್ಡಿ, ಸುಸ್ತಿ ಇವುಗಳ ನಡುವೆಯೇ ಬದುಕು ಕಳೆದವರು. ಖಗೋಳ ಅವರಿಗೆ ಗೊತ್ತಿರಲಿಲ್ಲ. ಅವರ ಪ್ರಶ್ನೆ ಈ ಅಧ್ಯಯನದ ದಿಕ್ಕನ್ನೇ ಬದಲಿಸಿತು, ಆದ್ದರಿಂದ ಅವರ ಮಾತುಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಚಕ್ರಬಡ್ಡಿ

ಕಪ್ಪುಕುಳಿ ಸುತ್ತಲಿನದನ್ನೆಲ್ಲ ಹೀರಿಬಿಡುತ್ತದೆ ಎಂಬ ಮಾತು ಟೀವಿಯಿಂದ ಬಂದದ್ದು. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿಯನ್ನು ಕೂರಿಸಿದರೂ ಭೂಮಿ ಈಗಿನ ಕಕ್ಷೆಯಲ್ಲೇ ಸುತ್ತುತ್ತಿರುತ್ತದೆ. (ಚಳಿಗೆ ನಾವು ಉಳಿಯುವುದಿಲ್ಲ, ಅದು ಬೇರೆ.) ಕಪ್ಪುಕುಳಿಗೆ ತಿನ್ನುವುದು ಕಷ್ಟದ ಕೆಲಸ. ಅನಿಲ ನೇರವಾಗಿ ಒಳಗೆ ಬೀಳದೆ ಸುತ್ತುತ್ತಾ ತಟ್ಟೆಯಾಗಿ ಹರಡುತ್ತದೆ, ತನ್ನೊಳಗೇ ಉಜ್ಜಾಡಿ ಕಾಯುತ್ತದೆ, ಪ್ರಖರವಾಗಿ ಬೆಳಗುತ್ತದೆ. ಸೂರ್ಯನ ಒಡಲಲ್ಲಿ ಹೈಡ್ರೋಜನ್ ಹೀಲಿಯಂ ಆಗುವಾಗ ದ್ರವ್ಯರಾಶಿಯ ಶೇ. 0.7ರಷ್ಟು ಮಾತ್ರ ಶಕ್ತಿಯಾಗುತ್ತದೆ. ಕಪ್ಪುಕುಳಿಯ ಬಾಯಲ್ಲಿ ಸುಮಾರು ಶೇ. 10. ಹೊರಗೆ ಹರಿಯುವ ಈ ಬೆಳಕೇ ಒಳಗೆ ಬರುವ ಅನಿಲವನ್ನು ಹಿಂದಕ್ಕೆ ನೂಕುತ್ತದೆ. ನೂಕುವ ಬಲ ಮತ್ತು ಎಳೆಯುವ ಬಲ ಸರಿಸಮವಾಗುವ ಹಂತಕ್ಕೆ ಎಡಿಂಗ್ಟನ್ ಮಿತಿ ಎನ್ನುತ್ತಾರೆ. ಅದಕ್ಕಿಂತ ಜೋರಾಗಿ ತಿನ್ನಲು ಹೋದರೆ ಊಟವೇ ಚದುರಿಹೋಗುತ್ತದೆ.

ಈ ಮಿತಿ ಕಪ್ಪುಕುಳಿಯ ತೂಕಕ್ಕೆ ಅನುಪಾತದಲ್ಲಿರುತ್ತದೆ. ತೂಕ ಎರಡರಷ್ಟಾದರೆ ತಿನ್ನಬಹುದಾದದ್ದೂ ಎರಡರಷ್ಟು. ವಿದ್ಯಾರ್ಥಿನಿ ಇದನ್ನು ಮನೆಯ ಜಗಲಿಯಲ್ಲಿ ವಿವರಿಸುತ್ತಿದ್ದಾಗ ಅಜ್ಜಯ್ಯ ನಡುವೆ ಬಾಯಿ ಹಾಕಿದರಂತೆ: "ಎಂತ ಮಾರಾಯ್ತಿ, ಇದು ಚಕ್ರಬಡ್ಡಿ ಲೆಕ್ಕ ಅಲ್ವನೇ? ದರಕ್ಕೆ ಒಂದು ಗರಿಷ್ಠ ಉಂಟು, ಅವಧಿ ಉಂಟು, ಕಡೆಗೆ ಆದ ಮೊತ್ತ ಉಂಟು. ಅಸಲು ಎಷ್ಟಿತ್ತು ಅಂತ ಹಿಂದಕ್ಕೆ ಹೋಗಿ ತೆಗಿ."

ಹತ್ತಾರು ವರ್ಷಗಳಿಂದ ಖಗೋಳತಜ್ಞರು ಮಾಡುತ್ತಿರುವುದು ಇದನ್ನೇ, ಇದೇ ಕ್ರಮದಲ್ಲಿ.

ಎಡಿಂಗ್ಟನ್ ಮಿತಿಯಲ್ಲಿ, ಶೇ. 10 ಬೆಳಕಾಗಿ ಹೋಗಿ ಉಳಿದದ್ದು ಒಳಗೆ ಸೇರುತ್ತದೆ ಎಂದು ಹಿಡಿದರೆ, ಕಪ್ಪುಕುಳಿ ಸುಮಾರು 3.5 ಕೋಟಿ ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಮೊದಲ ನಕ್ಷತ್ರಗಳು ಹುಟ್ಟಿ ಸಾಯುವ ಹೊತ್ತಿಗೆ ವಿಶ್ವಕ್ಕೆ ಹತ್ತಿಪ್ಪತ್ತು ಕೋಟಿ ವರ್ಷ ಆಗಿರುತ್ತದೆ. 20 ಕೋಟಿ ಎಂದು ಹಿಡಿದರೆ ಯುಎಚ್‌ಝಡ್‌1ಕ್ಕೆ ಉಳಿದದ್ದು 27 ಕೋಟಿ ವರ್ಷ. ಅಷ್ಟರಲ್ಲಿ ಪೂರಾ ಎಂಟು ಸಲವೂ ಇಮ್ಮಡಿಯಾಗಲಾರದು. ಒಟ್ಟು ಬೆಳವಣಿಗೆ ಸುಮಾರು 220 ಪಟ್ಟು.

ಆ ಕಾಲದ ದೈತ್ಯ ನಕ್ಷತ್ರವೊಂದು ಸತ್ತು ಬಿಟ್ಟುಹೋಗುವ ಕಪ್ಪುಕುಳಿ ಸುಮಾರು 100 ಸೂರ್ಯರಷ್ಟು ಎನ್ನೋಣ. 220ರಿಂದ ಗುಣಿಸಿದರೆ 22 ಸಾವಿರ. ಬೇಕಾದದ್ದು ಕನಿಷ್ಠ ಒಂದು ಕೋಟಿ. 10 ಕೋಟಿ ವರ್ಷಕ್ಕೇ ಶುರುವಾಯಿತು ಎಂದು ಧಾರಾಳ ತೋರಿಸಿದರೂ ಒಂದು ಲಕ್ಷದ ಅರವತ್ತು ಸಾವಿರದ ಸುಮಾರಿಗೆ ನಿಲ್ಲುತ್ತದೆ. ಅದೂ ಒಂದು ದಿನವೂ ಉಪವಾಸ ಬೀಳದೆ, ಗರಿಷ್ಠ ದರದಲ್ಲೇ ತಿಂದರೆ.

ಈಗ ಹಿಂದಕ್ಕೆ. ಸಂಶೋಧಕರ ಮಧ್ಯದ ಅಂದಾಜು ನಾಲ್ಕು ಕೋಟಿ ಸೂರ್ಯರು. 220ರಿಂದ ಭಾಗಿಸಿದರೆ ಅಸಲು ಸುಮಾರು 1 ಲಕ್ಷ 80 ಸಾವಿರ ಸೂರ್ಯರಷ್ಟು. ಅಂಥ ತೂಕದ ನಕ್ಷತ್ರ ಇಂದಿನ ವಿಶ್ವದಲ್ಲಿ ಎಲ್ಲೂ ಕಂಡಿಲ್ಲ.

ಹಗುರ ಬೀಜ, ಭಾರದ ಬೀಜ

ನಕ್ಷತ್ರ ಸತ್ತು ಹುಟ್ಟುವ ಸಣ್ಣ ಕಪ್ಪುಕುಳಿಗೆ ಹಗುರ ಬೀಜ ಎನ್ನುತ್ತಾರೆ. ಅದರ ತೊಂದರೆ ಗುಣಾಕಾರದ್ದು ಮಾತ್ರವಲ್ಲ. ಅದನ್ನು ಹುಟ್ಟಿಸಿದ ನಕ್ಷತ್ರ ಬದುಕಿದ್ದಾಗಲೇ ತನ್ನ ನೇರಳಾತೀತ ಬೆಳಕಿನಿಂದ ಸುತ್ತಲಿನ ಅನಿಲವನ್ನು ಕಾಯಿಸಿ ಓಡಿಸಿರುತ್ತದೆ. ಹುಟ್ಟಿದ ಕೂಸಿಗೆ ಹಾಲಿಲ್ಲ. ಜೊತೆಗೆ ಅಷ್ಟು ಹಗುರವಾದದ್ದು ಗ್ಯಾಲಕ್ಸಿಯ ನಡುವಿಗೆ ಇಳಿದು ಕೂರುವುದಿಲ್ಲ. ಅನಿಲ ದಟ್ಟವಾಗಿರುವ ಜಾಗ ಬಿಟ್ಟು ಎಲ್ಲೆಲ್ಲೋ ಅಲೆಯುತ್ತದೆ. ಗಣಕದಲ್ಲಿ ಇದನ್ನು ನಡೆಸಿ ನೋಡಿದವರಿಗೆ ಹಗುರ ಬೀಜಗಳಲ್ಲಿ ಹೆಚ್ಚಿನವು ಬೆಳೆಯದೆ ಉಳಿದದ್ದು ಕಂಡಿದೆ.

ಭಾರದ ಬೀಜದ ದಾರಿ ಬೇರೆ. ಮಹಾಸ್ಫೋಟದಿಂದ ಬಂದ ಅನಿಲದಲ್ಲಿ ಇದ್ದದ್ದು ಹೈಡ್ರೋಜನ್, ಹೀಲಿಯಂ, ಲೇಶದಷ್ಟು ಲಿಥಿಯಂ. ದೂಳಿಲ್ಲ, ಇಂಗಾಲವಿಲ್ಲ, ಆಮ್ಲಜನಕವಿಲ್ಲ. ಅನಿಲದ ಮೋಡ ಕುಸಿಯಬೇಕಾದರೆ ತಣಿಯಬೇಕು. ಆ ಶುದ್ಧ ಅನಿಲದಲ್ಲಿ ಚೆನ್ನಾಗಿ ತಣಿಸಬಲ್ಲದ್ದು ಹೈಡ್ರೋಜನ್ ಅಣು ಒಂದೇ; ಅದಿದ್ದರೆ ಮೋಡ ಕೆಲವು ನೂರು ಡಿಗ್ರಿಗೆ ಇಳಿದು, ತುಂಡುತುಂಡಾಗಿ, ನಕ್ಷತ್ರಗಳಾಗುತ್ತದೆ. ಈಗ ಪಕ್ಕದಲ್ಲೇ ಇನ್ನೊಂದು ಎಳೆಯ ಗ್ಯಾಲಕ್ಸಿ ಉರಿಯುತ್ತಿದೆ ಎನ್ನಿ. ಅದರ ನೇರಳಾತೀತ ಕಿರಣ ಆ ಅಣುಗಳನ್ನು ಒಡೆದುಹಾಕುತ್ತದೆ. ತಣಿಯುವ ಒಳ್ಳೆಯ ದಾರಿ ಮುಚ್ಚಿತು. ಮೋಡ 8-10 ಸಾವಿರ ಡಿಗ್ರಿಯಲ್ಲೇ ಉಳಿಯುತ್ತದೆ, ಪರಮಾಣು ಹೈಡ್ರೋಜನ್ ಮಾತ್ರ ಒಂದಿಷ್ಟು ಶಾಖ ಬಿಡುತ್ತದೆ. ಅಷ್ಟು ಬಿಸಿಯಲ್ಲಿ ಮೋಡ ಚೂರಾಗುವುದಿಲ್ಲ. ತೂಕ ಹೆಚ್ಚುತ್ತಾ ಹೋಗಿ, ಒಮ್ಮೆ ಕುಸಿಯಲು ಶುರುವಾದರೆ ಇಡೀ ಮೋಡ ನಡುವಿಗೆ ಧಾವಿಸುತ್ತದೆ; ವರ್ಷಕ್ಕೆ ಸೂರ್ಯನ ತೂಕದ ಹತ್ತನೇ ಒಂದು ಪಾಲು, ಅದಕ್ಕಿಂತಲೂ ಹೆಚ್ಚು. ನಡುವೆ ಲಕ್ಷ ಸೂರ್ಯರ ತೂಕದ ಒಂದು ಉಬ್ಬಿದ ನಕ್ಷತ್ರ ಸ್ವಲ್ಪ ಕಾಲ ನಿಂತು, ಸಾಮಾನ್ಯ ಸಾಪೇಕ್ಷತೆಯ ಕಾರಣಕ್ಕೇ ಅಸ್ಥಿರವಾಗಿ, ಒಳಗೆ ಕುಸಿದು ಕಪ್ಪುಕುಳಿಯಾಗುತ್ತದೆ. ಆ ಅಸ್ಥಿರತೆಯ ಗಣಿತವನ್ನು 1964ರಲ್ಲಿ ಬಿಡಿಸಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಮೇಲೆ ಹೇಳಿದ ಎಕ್ಸ್-ರೇ ದೂರದರ್ಶಕಕ್ಕೆ ಇಟ್ಟಿರುವುದೂ ಅವರದೇ ಹೆಸರು.

ಇದಕ್ಕೆ ನೇರ ಕುಸಿತ ಎನ್ನುತ್ತಾರೆ. ಹುಟ್ಟುವಾಗಲೇ ಹತ್ತು ಸಾವಿರದಿಂದ ಲಕ್ಷಗಟ್ಟಲೆ ಸೂರ್ಯರ ತೂಕ. ನಮ್ಮ 1 ಲಕ್ಷ 80 ಸಾವಿರ ಇದರೊಳಗೆ ಸಲೀಸಾಗಿ ಕೂರುತ್ತದೆ. ಆದರೆ ಷರತ್ತುಗಳ ಪಟ್ಟಿ ನೋಡಿ: ಅನಿಲ ಶುದ್ಧವಾಗಿರಬೇಕು, ಪಕ್ಕದ ಗ್ಯಾಲಕ್ಸಿ ಕಿರಣ ಬೀರುವಷ್ಟು ಹತ್ತಿರವಿರಬೇಕು, ಆದರೆ ತನ್ನ ಸತ್ತ ನಕ್ಷತ್ರಗಳ ದೂಳು ಇಲ್ಲಿಗೆ ತಲುಪಿಸುವಷ್ಟು ಹತ್ತಿರವಿರಬಾರದು, ಎರಡೂ ಸರಿಯಾದ ಹೊತ್ತಿಗೇ ಸಿದ್ಧವಾಗಿರಬೇಕು. ಇಂಥ ಕಾಕತಾಳೀಯ ಎಲ್ಲ ಗ್ಯಾಲಕ್ಸಿಯಲ್ಲೂ ಕೂಡಿಬರಲಾರದು. ಪಕ್ಕದ ಗ್ಯಾಲಕ್ಸಿಯ ನೆರವಿಲ್ಲದೆ, ತಣ್ಣನೆಯ ಅನಿಲದ ಪ್ರವಾಹಗಳು ಒಂದೆಡೆ ಡಿಕ್ಕಿಯಾಗಿ ಕದಡಿದಾಗಲೂ ಭಾರದ ಬೀಜ ಹುಟ್ಟಬಲ್ಲದು ಎಂದು 2022ರಲ್ಲಿ ಪ್ರಕಟವಾದ ಗಣಕ ಪ್ರಯೋಗವೊಂದು ತೋರಿಸಿತು. ದಟ್ಟ ನಕ್ಷತ್ರಗುಚ್ಛದೊಳಗೆ ನಕ್ಷತ್ರಗಳು ಒಂದಕ್ಕೊಂದು ಬಡಿದು ಕೂಡಿಕೊಂಡು ಸಾವಿರ ಸೂರ್ಯರ ಮಧ್ಯಮ ಬೀಜ ಹುಟ್ಟುವ ಮೂರನೇ ದಾರಿಯೂ ಇದೆ.

ಲೆಕ್ಕಪರಿಶೋಧನೆ

ಇಲ್ಲಿಗೆ ಪ್ರಾಜೆಕ್ಟ್ ಮುಗಿಯಿತು ಎಂದು ವಿದ್ಯಾರ್ಥಿನಿ ತಿಳಿದಿದ್ದಳು. ಬಹಳಷ್ಟು ಜನಪ್ರಿಯ ಬರಹಗಳು ಮುಗಿಯುವುದೂ ಇಲ್ಲೇ. ಅಡಿಕೆ ಮಂಡಿಯ ಕೆಲಸಕ್ಕೆ ಶಿವಮೊಗ್ಗಕ್ಕೆ ಬಂದಿದ್ದ ಅಜ್ಜಯ್ಯ, ಮೊಮ್ಮಗಳನ್ನು ಕರೆದುಕೊಂಡು ಹೋಗಲು ನಮ್ಮ ವಿಭಾಗಕ್ಕೆ ಬಂದರು. ಮೇಜಿನ ಮೇಲಿದ್ದ ಹಾಳೆಗಳನ್ನು ಕನ್ನಡಕ ಏರಿಸಿ ನೋಡಿ ಕೇಳಿದರು:

"ಮೇಷ್ಟ್ರೇ, ಈ ನಾಲ್ಕು ಕೋಟಿ ಅನ್ನೋ ಮೊತ್ತ ಎಲ್ಲಿಂದ ಬಂತು? ಪಾಸ್‌ಬುಕ್ಕಲ್ಲಿ ಬರೆದಿದ್ದೋ, ಯಾರಾದ್ರೂ ಲೆಕ್ಕ ಹಾಕಿ ಹೇಳಿದ್ದೋ?"

"ಲೆಕ್ಕ ಹಾಕಿದ್ದೇ ಗೌಡ್ರೇ. ಎಷ್ಟು ಬೆಳಕು ಬರ್ತಿದೆ ಅನ್ನೋದು ಅಳತೆ. ಅಷ್ಟು ಬೆಳಕು ಬರ್ಬೇಕಾದ್ರೆ ಕಪ್ಪುಕುಳಿ ಎಷ್ಟು ದೊಡ್ಡದಿರ್ಬೇಕು ಅಂತ ತೆಗೆದಿದ್ದು."

"ಅದು ಎಷ್ಟು ಜೋರಾಗಿ ತಿಂತಿದೆ ಅಂತ ಗೊತ್ತಿದ್ರೆ ತಾನೆ ಅದು ಬರೋದು?"

"ಹೌದು ಅಜ್ಜಯ್ಯ, ಎಡಿಂಗ್ಟನ್ ಮಿತಿಯಲ್ಲಿ ತಿಂತಿದೆ ಅಂತ ಹಿಡ್ಕೊಂಡಿದಾರೆ," ಎಂದಳು ಮೊಮ್ಮಗಳು.

"ಹಂಗಾದ್ರೆ ದರ ಊಹೆ ಮಾಡಿ ಮೊತ್ತ ಬರ್ದೀರಿ, ಅದೇ ದರ ಇಟ್ಕಂಡು ಅಸಲು ತೆಗ್ದೀರಿ. ಆಡಿಟ್ಟಲ್ಲಿ ಇದು ಪಾಸಾಗಲ್ಲ."

ಮೂಲ ಪ್ರಬಂಧ ಈ ಊಹೆಯನ್ನು ಮುಚ್ಚಿಟ್ಟಿಲ್ಲ, ಸ್ಪಷ್ಟವಾಗಿಯೇ ಹೇಳಿದೆ. ಸುದ್ದಿಯಾಗಿ ಹರಡುವಾಗ ಆ ಸಾಲು ಉದುರಿಹೋಗುತ್ತದೆ. ಎಕ್ಸ್-ರೇ ಫೋಟಾನ್‌ಗಳಿಂದ ತೂಕದವರೆಗಿನ ದಾರಿಯಲ್ಲಿ ಮೆಟ್ಟಿಲುಗಳು ಹಲವು. ಕಪ್ಪುಕುಳಿಯ ಸುತ್ತಲಿನ ದಟ್ಟ ಅನಿಲ ಎಷ್ಟು ಎಕ್ಸ್-ರೇ ನುಂಗಿದೆ ಎಂದು ಅಂದಾಜಿಸಬೇಕು. ಒಟ್ಟು ಬೆಳಕಿನಲ್ಲಿ ಎಕ್ಸ್-ರೇ ಪಾಲೆಷ್ಟು ಎಂದು ಹಿಡಿಯಬೇಕು. ಆಮೇಲೆ ತಿನ್ನುವ ದರ. ಒಂದರಿಂದ ಹತ್ತು ಕೋಟಿ ಎಂಬಷ್ಟು ಅಗಲದ ಅಂತರ ಬಂದದ್ದು ಹೀಗೆ.

ದರವನ್ನು ಬದಲಿಸಿ ನೋಡಲು ಹೇಳಿದೆ. ಬಂದ ಉತ್ತರಗಳು ನನಗೆ ಇಡೀ ಪ್ರಾಜೆಕ್ಟಿನಲ್ಲಿ ಅತಿ ಹೆಚ್ಚು ಬೆಲೆಬಾಳುವವು ಅನ್ನಿಸುತ್ತದೆ.

ಉಳಿದೆಲ್ಲ ಹಾಗೇ ಇಟ್ಟು, ಕಪ್ಪುಕುಳಿ ಉದ್ದಕ್ಕೂ ಎಡಿಂಗ್ಟನ್ ಮಿತಿಯ ಎರಡು ಪಟ್ಟು ತಿಂದಿತು ಎನ್ನಿ. ಅದೇ ಬೆಳಕಿಗೆ ಅರ್ಧ ತೂಕ ಸಾಕು: ಎರಡು ಕೋಟಿ. 27 ಕೋಟಿ ವರ್ಷದಲ್ಲಿ ಬೆಳವಣಿಗೆ 220 ಪಟ್ಟಿನ ಬದಲು 49 ಸಾವಿರ ಪಟ್ಟು. ಅಸಲು ಸುಮಾರು 400 ಸೂರ್ಯರು! 1 ಲಕ್ಷ 80 ಸಾವಿರ ಎಲ್ಲಿ, 400 ಎಲ್ಲಿ. ದರ ಎರಡರಷ್ಟಾದರೆ ಭಾರದ ಬೀಜದ ಅಗತ್ಯವೇ ಇಲ್ಲ. ತಿರುಗಿಸಿ, ಈಗ ಮಿತಿಯಲ್ಲೇ ತಿನ್ನುತ್ತಿದ್ದರೂ ಹಿಂದೆ ಅರ್ಧ ಕಾಲ ಉಪವಾಸವಿತ್ತು ಎಂದು ಹಿಡಿದರೆ ಅಸಲು 27 ಲಕ್ಷ ಸೂರ್ಯರಿಗೆ ಏರುತ್ತದೆ, ನೇರ ಕುಸಿತಕ್ಕೂ ಅಷ್ಟು ದೊಡ್ಡ ಬೀಜ ಕೊಡುವುದು ಕಷ್ಟ. ಕಪ್ಪುಕುಳಿಯ ತಿರುಗಣೆಯೂ ಲೆಕ್ಕಕ್ಕೆ ಬರುತ್ತದೆ: ತಿರುಗದ ಕಪ್ಪುಕುಳಿ ಶೇ. 5.7 ಮಾತ್ರ ಬೆಳಕಾಗಿ ಬಿಡುತ್ತದೆ, ಬೇಗ ಬೆಳೆಯುತ್ತದೆ. ಗರಿಷ್ಠ ವೇಗದಲ್ಲಿ ತಿರುಗುವಂಥದ್ದು ಶೇ. 42ರವರೆಗೂ ಬಿಡಬಲ್ಲದು, ಬೆಳವಣಿಗೆ ಕುಂಟುತ್ತದೆ. ಘಾತದ ಲೆಕ್ಕದಲ್ಲಿ, ಅಂದರೆ ಚಕ್ರಬಡ್ಡಿಯ ಲೆಕ್ಕದಲ್ಲಿ, ದರ ಒಂದಿಷ್ಟು ಅಲುಗಿದರೂ ಅಸಲು ಹಾರಿ ಎಲ್ಲೋ ಹೋಗುತ್ತದೆ.

ಮಿತಿ ಮೀರಿ ತಿನ್ನುವುದು ಬರಿಯ ಊಹೆಯೂ ಅಲ್ಲ. ಮಹಾಸ್ಫೋಟದ 150 ಕೋಟಿ ವರ್ಷ ನಂತರದ ಎಲ್‌ಐಡಿ-568 ಎಂಬ ಕಪ್ಪುಕುಳಿ ಎಡಿಂಗ್ಟನ್ ಮಿತಿಯ ಸುಮಾರು 40 ಪಟ್ಟು ತಿನ್ನುತ್ತಿದೆ ಎಂದು 2024ರಲ್ಲಿ ವರದಿಯಾಯಿತು. ಅನಿಲದ ತಟ್ಟೆ ದಪ್ಪಗಿದ್ದರೆ ಬೆಳಕು ಒಳಗೇ ಸಿಕ್ಕಿಬಿದ್ದು ಅನಿಲದ ಜೊತೆಗೇ ನುಂಗಿಹೋಗುತ್ತದೆ, ನೂಕುವ ಬಲ ಕುಗ್ಗುತ್ತದೆ. ಇಂಥ ಹಬ್ಬದೂಟ ಎಷ್ಟು ಕಾಲ ನಡೆದೀತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೋಟಿಗಟ್ಟಲೆ ವರ್ಷ ಎಡೆಬಿಡದೆ ನಡೆಯಿತು ಎಂದರೆ ನಾನು ಒಪ್ಪಲಾರೆ. ಆಗಾಗ ಸ್ವಲ್ಪ ಸ್ವಲ್ಪ ಕಾಲ ಎಂದರೆ ತಲೆಯಾಡಿಸುತ್ತೇನೆ.

ಹಾಗಾದರೆ ಭಾರದ ಬೀಜ ಬಿದ್ದುಹೋಯಿತೇ?

ಇಲ್ಲ. ಅದಕ್ಕೆ ಇನ್ನೊಂದು ಸಾಕ್ಷಿ ಇದೆ, ನನಗೆ ಬೆಳವಣಿಗೆಯ ಲೆಕ್ಕಕ್ಕಿಂತ ಅದೇ ಗಟ್ಟಿ ಎನಿಸುತ್ತದೆ. ಇಂದಿನ ಗ್ಯಾಲಕ್ಸಿಗಳಲ್ಲಿ ನಡುವಿನ ಕಪ್ಪುಕುಳಿ, ಸುತ್ತಲಿನ ನಕ್ಷತ್ರಗಳ ಒಟ್ಟು ತೂಕದ ಶೇ. 0.1ರ ಆಸುಪಾಸು ಇರುತ್ತದೆ. ಯುಎಚ್‌ಝಡ್‌1ರಲ್ಲಿ ಎರಡೂ ಹತ್ತಿರ ಹತ್ತಿರ ಸಮ. ಹಗುರ ಬೀಜವಾಗಿದ್ದರೆ ನಕ್ಷತ್ರಗಳು ಮೊದಲು, ಕಪ್ಪುಕುಳಿ ಆಮೇಲೆ. ಅದು ಹಿಂದೆ ಬಿದ್ದಿರಬೇಕಿತ್ತು. ನೇರ ಕುಸಿತದಲ್ಲಾದರೆ ಕಪ್ಪುಕುಳಿಯೇ ಮೊದಲು ದೊಡ್ಡದಾಗಿ, ಪಕ್ಕದ ಗ್ಯಾಲಕ್ಸಿ ಬಂದು ಸೇರಿದ ಮೇಲೆ ನಕ್ಷತ್ರಗಳು ಕೂಡಿಕೊಳ್ಳುತ್ತವೆ. ಯೇಲ್ ವಿಶ್ವವಿದ್ಯಾಲಯದ ಪ್ರಿಯಂವದಾ ನಟರಾಜನ್ ಮತ್ತು ಸಂಗಡಿಗರು, ವೆಬ್ ದೂರದರ್ಶಕ ಮೇಲೆ ಹೋಗುವ ಮುಂಚೆ, 2017ರಲ್ಲೇ, ಇಂಥ ಗ್ಯಾಲಕ್ಸಿ ಅವಕೆಂಪಿನಲ್ಲಿ ಮತ್ತು ಎಕ್ಸ್-ರೇಯಲ್ಲಿ ಹೇಗೆ ಕಾಣಬೇಕು ಎಂದು ಬರೆದಿಟ್ಟಿದ್ದರು. ಕಂಡದ್ದು ಅದಕ್ಕೆ ಹೊಂದಿತು.

ಅಜ್ಜಯ್ಯನ ಆಕ್ಷೇಪ ಇಲ್ಲಿಗೂ ತಗುಲುತ್ತದೆ, ಈ ಅನುಪಾತದಲ್ಲೂ ಅದೇ ಊಹೆಯ ತೂಕ ಕೂತಿದೆಯಲ್ಲ. ಆದರೆ ಇದು ಘಾತದ ಲೆಕ್ಕವಲ್ಲ. ಮಿತಿಯ ಹತ್ತು ಪಟ್ಟು ತಿನ್ನುತ್ತಿದೆ ಎಂದರೂ ತೂಕ ಹತ್ತರಲ್ಲಿ ಒಂದಾಗುತ್ತದೆ, ಅನುಪಾತ ಶೇ. 10ಕ್ಕೆ ಇಳಿಯುತ್ತದೆ. ಇಂದಿನ ಮಾಮೂಲಿಗಿಂತ ಅದು ಇನ್ನೂ ನೂರು ಪಟ್ಟು.

ಬೆಳಕಿನ ಊಹೆಯನ್ನೇ ದಾಟಲು ದಾರಿ ಎರಡು. ಒಂದು, ಕಪ್ಪುಕುಳಿಯ ಸುತ್ತ ಅನಿಲ ಎಷ್ಟು ವೇಗವಾಗಿ ಸುತ್ತುತ್ತಿದೆ ಎಂದು ನೇರ ಅಳೆಯುವುದು. ವೇಗ ಮತ್ತು ದೂರ ಗೊತ್ತಾದರೆ ತೂಕ ಬರುತ್ತದೆ, ತಿನ್ನುವ ದರ ಬೇಕಿಲ್ಲ. ಇನ್ನೊಂದು ಗುರುತ್ವ ಅಲೆ, ಅಂದರೆ ಭಾರದ ವಸ್ತುಗಳು ಅಲುಗಿದಾಗ ದೇಶಕಾಲದಲ್ಲಿ ಹರಡುವ ತರಂಗ. ಎರಡು ಕಪ್ಪುಕುಳಿಗಳು ಕೂಡಿಕೊಂಡಾಗ ಹುಟ್ಟಿದ ಹೊಸದು ಒಂದಿಷ್ಟು ಹೊತ್ತು ಕಂಪಿಸಿ ಶಾಂತವಾಗುತ್ತದೆ, ಆ ಕಂಪನದಲ್ಲೇ ಅದರ ತೂಕ ಇರುತ್ತದೆ. ಈ ಕಂಪನವನ್ನು 1970ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ, ಮುಂದೆ ಅಲ್ಲಿನ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರು. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2024ರಲ್ಲಿ ಒಪ್ಪಿಗೆ ಕೊಟ್ಟ, 2035ರ ಸುಮಾರಿಗೆ ಹಾರಬೇಕಿರುವ ಲೀಸಾ ಎಂಬ ಗುರುತ್ವ ಅಲೆಯ ವೀಕ್ಷಣಾಲಯ, ಹತ್ತು ಸಾವಿರದಿಂದ ಕೋಟಿ ಸೂರ್ಯರ ತೂಕದ ಕಪ್ಪುಕುಳಿಗಳು ಕೂಡುವುದನ್ನು ಬಹು ದೂರದಿಂದಲೇ ಕೇಳಬಲ್ಲದು. ಆದಿಯ ಬೀಜಗಳು ಕೂಡಿಕೊಳ್ಳುವ ಸದ್ದು ಸಿಕ್ಕರೆ ಅಸಲನ್ನು ಹಿಂದಕ್ಕೆ ತೆಗೆಯುವ ಕೆಲಸವೇ ಉಳಿಯುವುದಿಲ್ಲ.

ವರದಿಯಲ್ಲಿ ಬರೆದದ್ದು

ವಿದ್ಯಾರ್ಥಿನಿ ಕೊನೆಗೆ ಅಸಲಿನ ಕಾಲಮ್ಮಿನಲ್ಲಿ ಒಂದೇ ಸಂಖ್ಯೆ ಬರೆಯಲಿಲ್ಲ. 400ರಿಂದ 27 ಲಕ್ಷದವರೆಗೆ ಎಂದು ಬರೆದು, ಪಕ್ಕದಲ್ಲಿ ಯಾವ ಊಹೆಗೆ ಯಾವ ಅಂಕಿ ಎಂದು ಪಟ್ಟಿ ಹಾಕಿದಳು. ಭಾರದ ಬೀಜವೇ ಹೆಚ್ಚು ಸಂಭವ, ಕಾರಣ ನಕ್ಷತ್ರಗಳ ಅನುಪಾತ, ಬೆಳವಣಿಗೆಯ ಲೆಕ್ಕವಲ್ಲ ಎಂಬುದು ಅವಳ ತೀರ್ಮಾನ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದವರು, ಇಷ್ಟು ಅಗಲದ ಉತ್ತರವನ್ನು ಉತ್ತರ ಎನ್ನಲಾದೀತೇ ಎಂದು ಕೇಳಿದರು. ತಿನ್ನುವ ದರವೇ ಊಹೆ ಸರ್, ಅದನ್ನು ಘಾತದೊಳಗೆ ಹಾಕಿದರೆ ಇಷ್ಟೇ ಬರುವುದು ಎಂದಳು.

ಈಗಿನ ತಂಡಕ್ಕೆ ಕ್ಯೂಎಸ್‌ಒ1 ಎಂಬ ಇನ್ನೊಂದು ಕಪ್ಪುಕುಳಿಯನ್ನು ಕೊಟ್ಟಿದ್ದೇನೆ. ಅದೇ ಅಬೆಲ್ 2744ರ ಹಿಂದೆ, ಮಹಾಸ್ಫೋಟದ ಸುಮಾರು 70 ಕೋಟಿ ವರ್ಷ ನಂತರದ್ದು. ವೆಬ್ ಕಂಡುಹಿಡಿದ ಪುಟ್ಟ ಕೆಂಪು ಚುಕ್ಕೆಗಳ ಪೈಕಿ ಒಂದು. ಅದರ ತೂಕ 2025ರಲ್ಲಿ ಅನಿಲದ ಸುತ್ತುವೇಗದಿಂದಲೇ ಸಿಕ್ಕಿದೆ: ಸುಮಾರು ಐದು ಕೋಟಿ ಸೂರ್ಯರು. ಸುತ್ತಲಿನ ನಕ್ಷತ್ರಗಳನ್ನೆಲ್ಲ ಕೂಡಿಸಿದರೂ ಕಪ್ಪುಕುಳಿಗಿಂತ ಕಡಿಮೆ. ಹುಡುಗರು ಹಿಂದಿನ ವರ್ಷದ ಸೂತ್ರವನ್ನೇ ಹಾಕಿದರು, 20 ಕೋಟಿ ವರ್ಷಕ್ಕೆ ಆರಂಭ, ಎಡಿಂಗ್ಟನ್ ಮಿತಿ, ಎಡೆಬಿಡದ ಊಟ. ಅಸಲು ಎರಡು ಸಾವಿರ ಚಿಲ್ಲರೆ ಸೂರ್ಯರು ಬಂತು, ನಕ್ಷತ್ರಗುಚ್ಛದ ಮಧ್ಯಮ ಬೀಜಕ್ಕೂ ಸಾಲುವಷ್ಟು. ಅನುಪಾತ ಮಾತ್ರ ನೇರ ಕುಸಿತದ ಕಡೆಗೆ ಬೆರಳು ತೋರಿಸುತ್ತಿದೆ. ಈ ಕಪ್ಪುಕುಳಿ ಈಗ ಮಿತಿಗಿಂತ ಎಷ್ಟೋ ಕಡಿಮೆ ತಿನ್ನುತ್ತಿರುವುದರಿಂದ, ಎಡೆಬಿಡದ ಊಟ ಎಂಬ ಸಾಲನ್ನು ಮೊದಲು ಹೊಡೆದುಹಾಕಿ ಮತ್ತೆ ಲೆಕ್ಕ ಮಾಡಿಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದೇನೆ.